ಉಮ್ಮನ ದುಡಿಮೆ ಯಾರ ಲೆಕ್ಕದಲ್ಲಿ?

ಬ್ಯಾರಿ ಅನ್ನುವ ಹೆಸರು ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದಿಂದ ಬಂತು ಅಂತ ಹಲವರು ಹೇಳ್ತಾರೆ. ಅದು ಸರಿಯಾದರೆ ನಮ್ಮ ಸಮುದಾಯಕ್ಕೆ ಹೆಸರಿಟ್ಟದ್ದೇ ಕೆಲಸ. ಬಂದರಿನ ಅಂಗಡಿ, ದಕ್ಕೆಯ ಮೀನು, ಅಡಿಕೆ, ಮರ, ಆಮೇಲೆ ಗಲ್ಫ್ - ಗಂಡಸರ ದುಡಿಮೆಯ ಕತೆಯನ್ನು ಮದುವೆ ಮನೆಯಲ್ಲೂ ಜಮಾಅತ್ ಸಭೆಯಲ್ಲೂ ನಾವು ಅಭಿಮಾನದಿಂದ ಹೇಳ್ತೇವೆ. ಅದೇ ಮನೆಯ ಜಗಲಿಯಲ್ಲಿ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದವಳ ಕತೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಮದ್ರಸಕ್ಕೆ ಮಗುವನ್ನು ಸೇರಿಸುವಾಗ ತಂದೆಯ ಕೆಲಸ ಎಂತ ಅಂತ ಕೇಳಿದರೆ ಕೂಡಲೇ ಉತ್ತರ ಬರುತ್ತದೆ. ತಾಯಿಯ ಕೆಲಸ ಕೇಳಿದರೆ, ‘ಎಂತದೂ ಇಲ್ಲ ಉಸ್ತಾದ್, ಮನೆಯಲ್ಲೇ.’ ಹೀಗೆ ಹೇಳುವಾಗ ಅವಳ ಬೆರಳ ತುದಿಯಲ್ಲಿ ತಂಬಾಕಿನ ಕಲೆ ಇರುತ್ತದೆ.

ಆ ‘ಎಂತದೂ ಇಲ್ಲ’ದ ಒಳಗೆ ಎಷ್ಟು ಉಂಟು ನೋಡಿ. ಎಲೆ ನೆನೆಸಬೇಕು, ನೀರು ಬಸಿಯಬೇಕು, ಅಳತೆಗೆ ಕತ್ತರಿಸಬೇಕು. ತಂಬಾಕು ಹರಡಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಹೀಗೆ ಸಾವಿರ ಸಲ ಮಾಡಿದರೆ ಸಾವಿರ ಬೀಡಿಯ ಮಜೂರಿ. ಬ್ರಾಂಚಿನಲ್ಲಿ ಸರಿಯಿಲ್ಲ ಅಂತ ಬದಿಗಿಟ್ಟರೆ ಆ ಶ್ರಮ ಹೋಯಿತು. ಇದೆಲ್ಲ ಸುಬಹಿಯ ನಂತರದ ಅಡುಗೆ, ಮಕ್ಕಳು, ಬಟ್ಟೆ, ಅತ್ತೆ ಮಾವನ ಆರೈಕೆಯ ನಡುವೆ. ಬೆನ್ನು ನೋವು, ಕೆಮ್ಮು ಬೇರೆ. ಶಾಲೆಯ ಫೀಸು, ಹೆಂಚಿನ ದುಡ್ಡು, ಮಗಳ ಕಿವಿಯೋಲೆ ಎಷ್ಟೋ ಮನೆಗಳಲ್ಲಿ ಈ ನೂಲಿನ ಗಂಟಿನಿಂದಲೇ ಬಂದದ್ದು.

ನಮ್ಮ ದೀನ್ ಈ ಕೈಗಳನ್ನು ಹೇಗೆ ನೋಡುತ್ತದೆ? ಪ್ರವಾದಿವರ್ಯರ (ಸ.ಅ) ಪತ್ನಿ ಝೈನಬ್ ಬಿಂತ್ ಜಹ್ಶ್ (ರ) ಅವರ ಚರಿತ್ರೆ ಸಹೀಹ್ ಮುಸ್ಲಿಮಿನಲ್ಲಿ ಉಂಟು. ತನ್ನ ನಂತರ ಮೊದಲು ತನ್ನನ್ನು ಸೇರುವವಳು ಅತ್ಯಂತ ಉದ್ದ ಕೈಯವಳು ಎಂದು ಪ್ರವಾದಿವರ್ಯರು ತಿಳಿಸಿದ್ದರು. ಪತ್ನಿಯರು ಕೈಯ ಉದ್ದವನ್ನೇ ಅಳೆದು ನೋಡಿದರು. ಆದರೆ ಮೊದಲು ವಫಾತಾದವರು ಝೈನಬ್. ತನ್ನ ಕೈಯಾರೆ ದುಡಿದು ಸ್ವದಕ ಕೊಡುತ್ತಿದ್ದ ಕಾರಣ ಅವರದೇ ಉದ್ದ ಕೈ ಎಂದು ಆಯಿಶಾ (ರ) ವಿವರಿಸಿದ್ದಾರೆ. ಚರ್ಮ ಹದ ಮಾಡಿ ಹೊಲಿಯುವುದು ಅವರ ಕೆಲಸವಾಗಿತ್ತು. ವಿಶ್ವಾಸಿಗಳ ಮಾತೆ ಮಾಡಿದ ಕೈಕೆಲಸವನ್ನು ನಮ್ಮ ಉಮ್ಮ ಮಾಡಿದರೆ ಅದು ಮುಚ್ಚಿಡುವ ಸಂಗತಿ ಹೇಗಾದೀತು?

ಇನ್ನೊಂದು ಮಾತು ಗಂಡಸರಿಗೆ ಸ್ವಲ್ಪ ಕಹಿಯಾದೀತು. ಗಂಡಸಿನ ಗಳಿಕೆಯಲ್ಲಿ ಗಂಡಸಿಗೆ ಪಾಲು ಇರುವ ಹಾಗೆಯೇ ಹೆಣ್ಣಿನ ಗಳಿಕೆಯಲ್ಲಿ ಹೆಣ್ಣಿಗೆ ಪಾಲು ಎಂಬ ಆಶಯ ಸೂರಾ ಅನ್ನಿಸಾಅ್‌ನ 32ನೇ ಆಯತಿನಲ್ಲಿ ಉಂಟು. ಹೆಂಡತಿ ದುಡಿದದ್ದು ಹೆಂಡತಿಯದು. ಅವಳು ದುಡಿಯುತ್ತಾಳೆ ಅಂತ ಗಂಡನ ಮೇಲಿನ ಜೀವನಾಂಶದ ಹೊಣೆ ಇಳಿಯುವುದಿಲ್ಲ. ಅವಳು ಮನಸಾರೆ ಮನೆಗೆ ಖರ್ಚು ಮಾಡಿದರೆ ಅದು ಅವಳ ಔದಾರ್ಯ, ಅದಕ್ಕೆ ಪ್ರತಿಫಲ ಉಂಟು. ಕೇಳದೆ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ವಾರದ ಮಜೂರಿ ನೇರ ಗಂಡನ ಕಿಸೆಗೆ ಹೋಗುವ ಮನೆಗಳು ಈ ವಿಷಯವನ್ನು ಯೋಚಿಸಲಿ.

ದೇಶದ ಕಾನೂನು ಕೂಡ ಈಕೆಯನ್ನು ಕಂಡಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಅದನ್ನು ಪ್ರಶ್ನಿಸಿ ಬೀಡಿ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, ಆ ಪ್ರಕರಣದಲ್ಲಿ ನಮ್ಮ ಮಂಗಳೂರಿನವರೂ ಇದ್ದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಅಂದರೆ ದೀನ್ ಒಪ್ಪಿತು, ಕೋರ್ಟು ಒಪ್ಪಿತು. ಒಪ್ಪದೆ ಉಳಿದದ್ದು ನಮ್ಮ ಮನೆಯೊಳಗೆ ಮಾತ್ರ.

ಕೆಲವರು ಕೇಳಬಹುದು: ಬೀಡಿ ಆರೋಗ್ಯ ಹಾಳು ಮಾಡುವ ವಸ್ತು, ಅದನ್ನು ಕಟ್ಟುವುದನ್ನು ಉಸ್ತಾದರು ಹೊಗಳುವುದಾ? ಪ್ರಶ್ನೆ ಸರಿಯಾದದ್ದೇ. ಬೀಡಿ ಸೇದುವುದು ಕೇಡು, ಅದರಲ್ಲಿ ಎರಡು ಮಾತಿಲ್ಲ. ಈ ಕೆಲಸ ಮಗಳಿಗೂ ಮೊಮ್ಮಗಳಿಗೂ ದಾಟಲಿ ಅಂತ ಯಾವ ತಾಯಿಯೂ ಬಯಸುವುದಿಲ್ಲ. ಆದರೆ ಬೇರೆ ದಾರಿ ತೋರಿಸದೆ, ಹೊಲಿಗೆ ಯಂತ್ರವೋ ಕಾಲೇಜಿನ ಸೀಟೋ ಕೊಡಿಸದೆ, ಬರೀ ಫತ್ವಾದ ಮಾತು ಹೇಳಿದರೆ ಅವಳ ಒಲೆ ಉರಿಯುವುದಿಲ್ಲ. ವಸ್ತುವಿನ ಬಗ್ಗೆ ಚರ್ಚೆ ಇರಲಿ, ಶ್ರಮದ ಗೌರವ ಅದರಲ್ಲಿ ಮುಳುಗಿ ಹೋಗದಿರಲಿ.

ಈಗ ಮಾಡಬೇಕಾದ ಕೆಲವು ಕೆಲಸಗಳುಂಟು. ಬೇರೆಯವರ ಪುಸ್ತಕದಲ್ಲಿ ಬೀಡಿ ಹಾಕುವ ಅಭ್ಯಾಸ ಬಿಡಿ. ಪುಸ್ತಕ ಯಾರ ಹೆಸರಲ್ಲಿ ಉಂಟೋ ಪಿ.ಎಫ್. ಅವರದು. ಪಿ.ಎಫ್. ದಾಖಲೆಯಲ್ಲೂ ಆಧಾರಿನಲ್ಲೂ ಹೆಸರು, ಜನ್ಮದಿನಾಂಕ ಒಂದೇ ಉಂಟಾ ಅಂತ ಓದಿದ ಮಕ್ಕಳು ನೋಡಿಕೊಡಿ. ಒಂದಕ್ಷರ ತಪ್ಪಿದರೂ ಉಮ್ಮ ಮುದಿ ವಯಸ್ಸಲ್ಲಿ ಕಚೇರಿ ಅಲೆಯಬೇಕಾಗುತ್ತದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯಿಂದ ವಿದ್ಯಾರ್ಥಿವೇತನ ಉಂಟು. ಕೆಲಸವನ್ನು ಮುಚ್ಚಿಟ್ಟರೆ ಅದೂ ತಪ್ಪುತ್ತದೆ. ಅವಳ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ, ಪಾಸ್‌ಬುಕ್ ಅವಳ ಕೈಯಲ್ಲೇ ಇರಲಿ. ಜಮಾಅತ್ ಕಮಿಟಿಗಳು ವರ್ಷಕ್ಕೊಂದು ದಿನ ಪಳ್ಳಿಯ ಅಂಗಳದಲ್ಲಿ ಈ ಕಾಗದ ಪತ್ರಗಳನ್ನು ಸರಿ ಮಾಡಿಸಿಕೊಟ್ಟರೆ ಅದು ದೊಡ್ಡ ಸೇವೆ.

ಇಷ್ಟು ಮಾಡಲು ಹಣ ಬೇಡ, ಅವಳು ಮಾಡುವುದನ್ನು ಕೆಲಸ ಅಂತ ಒಪ್ಪುವ ಮನಸ್ಸು ಸಾಕು. ದುಡಿಯುವ ಎಲ್ಲ ಕೈಗಳಿಗೂ ಅಲ್ಲಾಹನು ಬರಕತ್ ಕರುಣಿಸಲಿ, ಆಮೀನ್.