ಪೈಲಟ್‌ಗಳ ಸಿಮ್ಯುಲೇಟರ್ ಮತ್ತು ನಮ್ಮ ಅನುಕರಣ ಬೋಧನೆ

ನನ್ನ ಅಣ್ಣನ ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ದಸರಾ ರಜೆಗೆ ಬಂದಿದ್ದಾಗ, ಊಟಕ್ಕೆ ಕೂತವನು ತಾನು ಸಿಮ್ಯುಲೇಟರಿನಲ್ಲಿ 'ಸತ್ತ' ಕಥೆ ಹೇಳಿದ. ಇನ್‌ಸ್ಟ್ರುಮೆಂಟ್ ರೇಟಿಂಗ್ ಎಂಬ ಅರ್ಹತೆಗಾಗಿ ಅವನ ಅಭ್ಯಾಸ ನಡೆದಿತ್ತು. ಮೋಡದೊಳಗೆ ಹೊರಗಿನದೇನೂ ಕಾಣದಿದ್ದಾಗ ಎದುರಿಗಿರುವ ಮೀಟರುಗಳನ್ನಷ್ಟೇ ನಂಬಿ ವಿಮಾನ ನಡೆಸಲು ಬೇಕಾದ ಅರ್ಹತೆ ಅದು.

ಹಳೆಯ ಮಾದರಿಯ ಸಣ್ಣ ತರಬೇತಿ ವಿಮಾನಗಳಲ್ಲಿ, ವಿಮಾನ ಎತ್ತ ವಾಲಿದೆಯೆಂದು ತೋರಿಸುವ ಕೃತಕ ದಿಗಂತದ ಮೀಟರು ಒಂದು ನಿರ್ವಾತ ಪಂಪಿನಿಂದ ನಡೆಯುತ್ತದೆ. ತಿರುವು ತೋರಿಸುವ ಮೀಟರಿಗೆ ವಿದ್ಯುತ್ತು. ಪಂಪು ಕೆಟ್ಟರೆ ಮೊದಲನೆಯದು ಸುಳ್ಳು ಹೇಳತೊಡಗುತ್ತದೆ, ಎರಡನೆಯದು ನಿಜ ಹೇಳುತ್ತಲೇ ಇರುತ್ತದೆ. ಹಾರಾಟದಲ್ಲಿ ಇದನ್ನು ಕಲಿಸುವಾಗ ಬೋಧಕರು ಆ ಮೀಟರಿನ ಮೇಲೆ ರಬ್ಬರಿನ ಮುಚ್ಚಳ ಅಂಟಿಸಿ, 'ಇದು ಕೆಟ್ಟಿದೆ, ಉಳಿದವನ್ನು ನೋಡಿ ನಡೆಸು' ಎನ್ನುವುದು ರೂಢಿ. ಹುಡುಗ ಅದರಲ್ಲಿ ಸಲೀಸಾಗಿ ಪಾಸಾಗಿದ್ದ.

ಸಿಮ್ಯುಲೇಟರಿನಲ್ಲಿ ಬೋಧಕರು ಏನನ್ನೂ ಹೇಳಲಿಲ್ಲ. ಮಳೆಗಾಲದ ಸಂಜೆ ಬೆಂಗಳೂರಿನಿಂದ ಮಂಗಳೂರಿಗೆ ಪಯಣ. ಘಟ್ಟದ ಮೇಲೆ ದಟ್ಟ ಮೋಡ. ರೇಡಿಯೊದಲ್ಲಿ ದಾರಿ ಬದಲಿಸುವ ಸೂಚನೆ. ಅವನು ಅದನ್ನು ಬರೆದುಕೊಳ್ಳುತ್ತಿದ್ದಾಗ ಪಂಪು ಸದ್ದಿಲ್ಲದೆ ನಿಂತಿತು. ದಿಗಂತದ ಗೆರೆ ಮೆಲ್ಲಗೆ, ಬಹಳ ಮೆಲ್ಲಗೆ ವಾಲಿತು. ಗೆರೆಯನ್ನು ನೇರ ಮಾಡಲು ಹೋಗಿ ಅವನು ನೇರವಾಗಿದ್ದ ವಿಮಾನವನ್ನೇ ವಾಲಿಸುತ್ತ ಹೋದ. ಪಕ್ಕದಲ್ಲೇ ನಿಜ ಹೇಳುತ್ತಿದ್ದ ಮೀಟರಿನ ಕಡೆಗೆ ಕಣ್ಣು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮುಚ್ಚಿಟ್ಟ ಮೀಟರು ಯಾರಿಗೂ ಮೋಸ ಮಾಡಲ್ಲ ಅತ್ತೆ" ಎಂದ. "ಕೆಟ್ಟ ಮೇಲೂ ಸರಿಯಾಗಿರೋ ಥರ ಕೂತಿರುತ್ತಲ್ಲ, ಅದೇ ಕೊಲ್ಲೋದು."

ಆ ಮಾತು ನನ್ನನ್ನು ಬಿಡಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ. ಮೊದಲು, ಅವರ ತರಬೇತಿ ಈ ಹಂತಕ್ಕೆ ಬಂದ ಬಗೆಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ತಿಳಿಯಬೇಕು.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮೀಟರು ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಮೋಡದೊಳಗಿನಂಥ ಸ್ಥಿತಿಯಲ್ಲಿ ವಿಮಾನ ನಡೆಸಲು ಬಿಟ್ಟರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡುಗಳಲ್ಲಿ. ಹೊರಗೆ ಏನೂ ಕಾಣದಾಗ ನಮ್ಮ ಒಳಗಿವಿ ಹೇಳುವ ಸಮತೋಲನ ಸುಳ್ಳು. ಈ ಅಪಾಯ ಅದಕ್ಕೂ ಎಷ್ಟೋ ಹಿಂದೆಯೇ ಗೊತ್ತಿತ್ತು. ಎಡ್ವಿನ್ ಲಿಂಕ್ ಎಂಬಾತ ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿದ್ದ ತಿದಿಗಳನ್ನೇ ಬಳಸಿ, ನೆಲದ ಮೇಲೆ ಕೂತು ಹಾರಾಟ ಕಲಿಯುವ ಯಂತ್ರವನ್ನು 1929ರ ವೇಳೆಗೆ ಮಾಡಿದ್ದ. ಕೊಳ್ಳುವವರು ಕಡಿಮೆ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ ಆರು ಯಂತ್ರಗಳನ್ನು ಕೊಂಡಿತು.

ಆಮೇಲಿನ ದಶಕಗಳಲ್ಲಿ ಸಿಮ್ಯುಲೇಟರಿನ ತರಬೇತಿ ಬಹುಮಟ್ಟಿಗೆ ನಮ್ಮ ಸೂಕ್ಷ್ಮ ಬೋಧನೆಯಂತೆಯೇ ಇತ್ತು: ಒಂದು ಎಂಜಿನ್ ಕೆಡಿಸು, ನಿಭಾಯಿಸಲಿ, ನಿಲ್ಲಿಸು, ಮತ್ತೆ ಮಾಡಿಸು. 1970ರ ದಶಕದಲ್ಲಿ ಕೆಲವರಿಗೆ ಸಂಶಯ ಬಂತು. ರಫೆಲ್ ಸ್ಮಿತ್ ನಾಸಾಕ್ಕಾಗಿ ಮಾಡಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ಣ ಅರ್ಹತೆಯ ಸಿಬ್ಬಂದಿಯನ್ನು ಬೋಯಿಂಗ್ 747ರ ಸಿಮ್ಯುಲೇಟರಿನಲ್ಲಿ ಕೂರಿಸಿ ಮಾಮೂಲಿ ಪಯಣವೊಂದನ್ನು ಮಾಡಿಸಿ, ನಡುವೆ ತೊಂದರೆಗಳನ್ನು ತಂದಿಟ್ಟರು. ವಿಮಾನ ನಡೆಸಲು ಅವರೆಲ್ಲರಿಗೂ ಬರುತ್ತಿತ್ತು. ತೊಡಕಾದದ್ದು ಕೆಲಸ ಹಂಚಿಕೊಳ್ಳುವಲ್ಲಿ, ಒಬ್ಬರಿಗೊಬ್ಬರು ಹೇಳಿಕೊಳ್ಳುವಲ್ಲಿ, ಮೊದಲು ಯಾವುದನ್ನು ನೋಡಬೇಕೆಂದು ತೀರ್ಮಾನಿಸುವಲ್ಲಿ. ವಿಮಾನ ಸಂಸ್ಥೆಗಳಲ್ಲಿ 'ಲಾಫ್ಟ್' ಎಂಬ ಹೆಸರಿನಲ್ಲಿ ಸನ್ನಿವೇಶ ಆಧಾರಿತ ತರಬೇತಿ ಬೆಳೆದದ್ದು ಆ ಕಾಲದಲ್ಲಿ. ಹೊರಡುವಲ್ಲಿಂದ ಇಳಿಯುವವರೆಗೆ ಒಂದೇ ಪಯಣ. ಏನು ಕೆಡುತ್ತದೆಂದು ಮುಂಚೆ ಹೇಳುವುದಿಲ್ಲ. ಬೋಧಕರು ನಡುವೆ ಬಾಯಿ ಹಾಕುವುದಿಲ್ಲ.

ಕೈಚಳಕಕ್ಕೂ ತೀರ್ಮಾನಕ್ಕೂ ಇರುವ ಅಂತರ ನಮ್ಮ ನಾಡಿಗೆ ದೂರದ ಮಾತಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡರು. ಹವೆ ಕೆಟ್ಟಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಮೇಲಕ್ಕೇರಿ ಮತ್ತೊಮ್ಮೆ ಸುತ್ತಿ ಬರುವಂತೆ ಸಹಪೈಲಟ್ ಹೇಳಿದರೂ ಇಳಿಯುವ ಯತ್ನ ನಿಲ್ಲಲಿಲ್ಲವೆಂದು ತನಿಖಾ ವರದಿ ಹೇಳುತ್ತದೆ.

ನಾವು ನಾಚಿಕೊಳ್ಳಬೇಕಾದದ್ದು ಹಾರಾಟ ಮುಗಿದ ಮೇಲಿನ ಅವರ ಮಾತುಕತೆ ನೋಡಿ. ಅಮೆರಿಕದ ವಿಮಾನಯಾನ ಆಡಳಿತವೂ ಉದ್ಯಮವೂ ಸೇರಿ ಸಣ್ಣ ವಿಮಾನಗಳ ಪೈಲಟ್‌ಗಳಿಗಾಗಿ ರೂಪಿಸಿದ 'ಫಿಟ್ಸ್' ಕ್ರಮದಲ್ಲಿ ಕಲಿಯುವವನು ಮೊದಲು ತನ್ನ ಮೌಲ್ಯಮಾಪನವನ್ನು ತಾನೇ ಬರೆಯುತ್ತಾನೆ. ಬೋಧಕರು ಬೇರೆಯಾಗಿ ಬರೆಯುತ್ತಾರೆ. ಆಮೇಲೆ ಎರಡನ್ನೂ ಎದುರುಬದುರು ಇಟ್ಟು ವ್ಯತ್ಯಾಸವಿರುವ ಕಡೆ ಮಾತಾಡುತ್ತಾರೆ. ಅಲ್ಲಿ ಅಂಕಗಳಿಲ್ಲ. ವಿವರಿಸಬಲ್ಲನೆ, ಅಭ್ಯಾಸದಲ್ಲಿದ್ದಾನೆಯೆ, ಸ್ವತಂತ್ರವಾಗಿ ಮಾಡಬಲ್ಲನೆ, ತೀರ್ಮಾನ ತೆಗೆದುಕೊಳ್ಳಬಲ್ಲನೆ ಎಂಬಂಥ ಹಂತಗಳು ಮಾತ್ರ. ನಮ್ಮಲ್ಲಿ ಹಿಮ್ಮಾಹಿತಿಯೆಂದರೆ ಪಾಠ ಮುಗಿದೊಡನೆ ನಾನು ಮಾತಾಡುವುದು, ಪ್ರಶಿಕ್ಷಣಾರ್ಥಿ "ಸರಿ ಮೇಡಂ" ಎನ್ನುವುದು.

ಈಗ ನನ್ನ ಕಥೆ. ಈ ವರ್ಷದ ಬೋಧನಾಭ್ಯಾಸದಲ್ಲಿ ನಮ್ಮ ಒಬ್ಬ ಪ್ರಶಿಕ್ಷಣಾರ್ಥಿ ಏಳನೇ ತರಗತಿಗೆ ಭಿನ್ನರಾಶಿಗಳ ಸಂಕಲನ ಮಾಡಿದಳು. ಚಾರ್ಟು ಚೆನ್ನಾಗಿತ್ತು, ಧ್ವನಿ ಸ್ಪಷ್ಟವಾಗಿತ್ತು. ಪ್ರತಿ ಹಂತದಲ್ಲೂ "ಅರ್ಥ ಆಯ್ತಾ?" ಎಂದು ಕೇಳಿದಳು. ಮಕ್ಕಳು ಒಕ್ಕೊರಲಿನಿಂದ "ಆಯ್ತು ಮಿಸ್!" ಎಂದರು. ಪ್ರಶ್ನಿಸುವ ಕೌಶಲ, ಪುನರ್ಬಲನ, ಸಮಾರೋಪ ಎಲ್ಲದಕ್ಕೂ ವೀಕ್ಷಣಾ ಪಟ್ಟಿಯಲ್ಲಿ ಗುರುತು ಹಾಕಿದೆ. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗನ ನೋಟ್‌ಬುಕ್ ಸುಮ್ಮನೆ ಎತ್ತಿ ನೋಡಿದೆ. ಅರ್ಧಕ್ಕೆ ಮೂರನೇ ಒಂದು ಸೇರಿಸಿದರೆ ಐದನೇ ಎರಡು ಎಂದು ಬರೆದಿದ್ದ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. ಪಕ್ಕದವನದೂ ಹಾಗೇ. ಆ ಸಾಲಿನ ಎಲ್ಲರದೂ ಹಾಗೇ.

"ಆಯ್ತು ಮಿಸ್" ಎಂಬುದು ಪಂಪು ನಿಂತ ಮೀಟರು. ಅದನ್ನು ನಂಬಿದವಳು ಅವಳೊಬ್ಬಳೇ ಅಲ್ಲ. ಇಪ್ಪತ್ತೆರಡು ವರ್ಷ ಅನುಭವದ ನಾನೂ ಹಿಂದೆ ಕೂತು ಅದನ್ನೇ ನೋಡುತ್ತಿದ್ದೆ. ನೋಟ್‌ಬುಕ್ಕುಗಳನ್ನು ತೋರಿಸಿದಾಗ ಅವಳು ಕೇಳಿದಳು: "ಮೇಡಂ, ನಾನು ಎಲ್ಲಿ ನೋಡಬೇಕಿತ್ತು?" ಇದನ್ನು ನಾವು ಕಲಿಸಿಯೇ ಇರಲಿಲ್ಲ.

ಸೂಕ್ಷ್ಮ ಬೋಧನೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 1963ರಲ್ಲಿ ಶುರುವಾದ ಆ ಕ್ರಮ ಬಿಡಿ ಕೌಶಲಗಳಿಗೆ ಒಳ್ಳೆಯದೇ. ರಬ್ಬರ್ ಮುಚ್ಚಳದ ಪಾಠವನ್ನು ಪೈಲಟ್‌ಗಳೂ ಬಿಟ್ಟಿಲ್ಲ. ನನ್ನ ತಕರಾರು ಅದರ ನಂತರದ ಅನುಕರಣ ಬೋಧನೆಯ ಬಗ್ಗೆ. ಅಲ್ಲಿ ಸಹಪಾಠಿಗಳು ಮಕ್ಕಳಾಗಿ ಕೂರುತ್ತಾರೆ. ಎಂಥ ಮಕ್ಕಳು! ಕೈ ಎತ್ತುತ್ತಾರೆ, ಸರಿಯುತ್ತರ ಹೇಳುತ್ತಾರೆ, ಗೆಳತಿಯ ಅಂಕ ಕೆಡದಂತೆ ನೋಡಿಕೊಳ್ಳುತ್ತಾರೆ. ಇದರಿಂದ ಲಾಭವಿಲ್ಲ ಎಂದಷ್ಟೇ ಹಿಂದೆ ಭಾವಿಸಿದ್ದೆ. ಈಗ ಹಾನಿಯಿದೆ ಎನ್ನುತ್ತೇನೆ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಏರ್‌ಬಸ್ ಎ300 ವಿಮಾನದ ಬಾಲದ ಲಂಬ ರೆಕ್ಕೆ ಗಾಳಿಯಲ್ಲೇ ಕಳಚಿತು. 265 ಜನ ಸತ್ತರು. ಮುಂದಿನ ವಿಮಾನ ಎಬ್ಬಿಸಿದ ಗಾಳಿಯ ಸುಳಿಗೆ ಸಹಪೈಲಟ್ ರಡ್ಡರ್ ಪೆಡಲುಗಳನ್ನು ಅತಿಯಾಗಿ ತುಳಿದದ್ದು ಕಾರಣ. ಹಾಗೆ ತುಳಿಯಲು ಆ ವಿಮಾನದ ರಡ್ಡರ್ ವ್ಯವಸ್ಥೆಯ ವಿನ್ಯಾಸದ ಜೊತೆಗೆ ಸಂಸ್ಥೆಯ ತರಬೇತಿಯ ಅಂಶಗಳೂ ಕಾರಣವಾಗಿದ್ದವು ಎಂದು ತನಿಖೆ ಹೇಳಿತು. ಆ ತರಬೇತಿಯ ಸಿಮ್ಯುಲೇಟರ್ ಅಭ್ಯಾಸವೊಂದು ನಿಜವಾದ ವಿಮಾನದಂತೆ ವರ್ತಿಸುತ್ತಿರಲಿಲ್ಲ. ಸುಳ್ಳು ಸನ್ನಿವೇಶ ಸುಳ್ಳು ಅಭ್ಯಾಸವನ್ನು ಕಲಿಸುತ್ತದೆ.

"ಅವರದು ಕೋಟಿಗಟ್ಟಲೆಯ ಯಂತ್ರ, ನಮ್ಮಲ್ಲಿ ಪ್ರೊಜೆಕ್ಟರೇ ಕೆಟ್ಟು ಕೂತಿದೆ" ಎಂದರು ಸಹೋದ್ಯೋಗಿಯೊಬ್ಬರು. ನಿಜ. ಆದರೆ ಆ ಸಂಜೆ ಹುಡುಗನನ್ನು ಬೀಳಿಸಿದ್ದು ಮುಂಚೆ ಹೇಳದೆ ನಿಂತ ಒಂದು ಪಂಪು. ನಮಗೆ ಅಷ್ಟಕ್ಕೆ ಒಂದು ಚೀಟಿ ಸಾಕು. 'ನೀನು ಛೇದಗಳನ್ನೂ ಕೂಡಿಸುವ ಮಗು. ಕೇಳಿದಾಗ ಅರ್ಥವಾಯಿತು ಅನ್ನು. ನೋಟ್‌ಬುಕ್ ನೋಡಿದರೆ ಮಾತ್ರ ಗೊತ್ತಾಗಲಿ.' ಇಂಥ ಚೀಟಿಗಳನ್ನು ನಾಲ್ವರು ಸಹಪಾಠಿಗಳಿಗೆ ಗುಟ್ಟಾಗಿ ಕೊಡುವುದು. ಪಾಠದ ನಡುವೆ ನಾವು ತಡೆಯದಿರುವುದು. ಕೊನೆಗೆ ಪಾಠ ಮಾಡಿದವರೇ ಮೊದಲು ಬರೆಯುವುದು. ಚೀಟಿಗಳನ್ನು ಸ್ಟಾಫ್ ರೂಮಿನಲ್ಲಿ ಕೂತು ಕಲ್ಪಿಸಬಾರದು, ಅಭ್ಯಾಸ ಶಾಲೆಗಳ ಮಕ್ಕಳ ನೋಟ್‌ಬುಕ್ಕುಗಳಿಂದಲೇ ಎತ್ತಬೇಕು. ಇಲ್ಲದಿದ್ದರೆ ನಮ್ಮದೂ ಸುಳ್ಳು ಸಿಮ್ಯುಲೇಟರ್ ಆದೀತು.

ನನ್ನ ವಿಭಾಗದಲ್ಲಿ ಮುಂದಿನ ಸೆಮಿಸ್ಟರಿನಿಂದ ಇದನ್ನು ಮಾಡುತ್ತಿದ್ದೇನೆ. ಮೊದಲ ಚೀಟಿಗಳನ್ನು ಬರೆದುಕೊಟ್ಟವಳು ಅದೇ ಪ್ರಶಿಕ್ಷಣಾರ್ಥಿ. ಆ ಶಾಲೆಗೆ ಮತ್ತೆ ಹೋಗಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಎರಡು ದಿನ ನೋಟ್‌ಬುಕ್ ನೋಡಿಕೊಂಡು ಬಂದಳು. ಆಂತರಿಕ ಅಂಕಗಳ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಸದ್ಯಕ್ಕೆ ನನ್ನ ವೀಕ್ಷಣಾ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಎಳೆದುಕೊಂಡಿದ್ದೇನೆ: ಎಷ್ಟು ಮಕ್ಕಳ ನೋಟ್‌ಬುಕ್ ನೋಡಿದರು?