ಮುಖದ ಇಸುಬು ಮತ್ತು ಮೂರು ದಿನದ ಮುಲಾಮು

ಚೆನ್ನೈಗೆ ಬಂದ ಮೊದಲನೆಯ ವರ್ಷ, ಇಲ್ಲಿನವರು ‘ಕತ್ತಿರಿ ವೆಯಿಲ್’ ಎನ್ನುವ ಅಗ್ನಿನಕ್ಷತ್ರದ ದಿನಗಳಲ್ಲಿ, ನನ್ನ ಹುಬ್ಬಿನ ಸುತ್ತಲೂ ರೆಪ್ಪೆಗಳ ಮೇಲೂ ಚರ್ಮ ಕೆಂಪಾಗಿ ಹೊಟ್ಟು ಏಳತೊಡಗಿತು. ಉರಿ, ತುರಿಕೆ, ತೊಳೆದರೆ ಬಿಗಿತ. ಮನೆಯ ಹತ್ತಿರದ ಔಷಧದಂಗಡಿಯವರು ಮುಖವನ್ನೊಮ್ಮೆ ನೋಡಿ, ಚೀಟಿಯನ್ನೂ ಕೇಳದೆ, ಒಂದು ಸಣ್ಣ ಟ್ಯೂಬನ್ನು ಮುಂದಿಟ್ಟು, “ಮೂಣು ನಾಳ್‌ಲ ಸರಿಯಾಯಿಡುಂ ಮಾ” ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಮೂರೇ ದಿನಗಳಲ್ಲಿ ಮುಖ ತಿಳಿಯಾಯಿತು. ಹಚ್ಚುವುದನ್ನು ಬಿಟ್ಟ ವಾರದೊಳಗೆ ಮೊದಲಿಗಿಂತ ಹೆಚ್ಚಾಗಿ ಕೆರಳಿತು. ಮತ್ತೆ ಹಚ್ಚಿದೆ. ಹೀಗೆ ಏಳು ತಿಂಗಳು ಕಳೆಯುವಷ್ಟರಲ್ಲಿ ಕೆನ್ನೆಯ ಮೇಲೆ ಕೆಂಪು ಎಳೆಗಳ ಬಲೆ ಮೂಡಿತ್ತು; ಒಲೆಯ ಮುಂದೆ ನಿಂತರೂ ಮುಖ ಉರಿಯುತ್ತಿತ್ತು. ಕೊನೆಗೆ ಚರ್ಮವೈದ್ಯೆಯೊಬ್ಬರು ಟ್ಯೂಬಿನ ಮೇಲಿನ ಕೆಂಪು ಗೆರೆಯನ್ನೂ ಎಚ್ಚರಿಕೆಯನ್ನೂ ತೋರಿಸಿ, “ಇದನ್ನು ನೀವು ಓದಲಿಲ್ಲವೆ?” ಎಂದು ಕೇಳಿದರು. ನಾನು ಓದಿರಲಿಲ್ಲ.

ಅದರಲ್ಲಿದ್ದುದು ಬಲವಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟ ಔಷಧವೇನೂ ಅಲ್ಲ. ಕೆರಳಿದ ಇಸುಬಿಗೆ ವೈದ್ಯರೇ ಮೃದುವಾದುದನ್ನು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವುದುಂಟು. ಆದರೆ ಅಂಗೈಗೆ ಸಲ್ಲುವ ಬಲ ಮುಖಕ್ಕೆ ಸಲ್ಲದು. ಮುಖದ, ಅದರಲ್ಲೂ ರೆಪ್ಪೆಯ ಚರ್ಮ ತೀರ ತೆಳು. ಔಷಧವನ್ನು ಹೆಚ್ಚು ಹೀರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಅದು ಇನ್ನಷ್ಟು ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆಗಳು ಏಳುತ್ತವೆ. ಕಣ್ಣಿನ ಸುತ್ತ ಹಚ್ಚುವವರಿಗೆ ಗ್ಲಾಕೋಮಾದ ಭಯವೂ ಇದೆ. ‘ಸ್ಟೀರಾಯ್ಡಿನಿಂದ ಹಾಳಾದ ಮುಖ’ ಎಂಬ ಅರ್ಥದ ಹೆಸರನ್ನೇ ನಮ್ಮ ದೇಶದ ಚರ್ಮವೈದ್ಯರು ಈ ಸ್ಥಿತಿಗೆ ಕೊಟ್ಟಿದ್ದಾರೆ. 2018ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಹಚ್ಚುವ ಸ್ಟೀರಾಯ್ಡುಗಳಲ್ಲಿ 14 ಬಗೆಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ನನಗೆ ಟ್ಯೂಬು ಸಿಕ್ಕಿದ್ದು ಅದಾದ ಮೇಲೆಯೇ.

ಆದರೂ ತಪ್ಪೆಲ್ಲ ಅಂಗಡಿಯವರದೆಂದು ನಾನು ಹೇಳಲಾರೆ. ಮೂರು ದಿನದಲ್ಲಿ ವಾಸಿಯಾಗಬೇಕೆಂದು ಹೋದವಳು ನಾನು. ಮುಖದ ಕಾಯಿಲೆಯನ್ನು ನಾವು ಕಾಯಿಲೆಯೆಂದು ಎಣಿಸುವುದಿಲ್ಲ. ಅಂದದ ಕುಂದೆಂದು ಎಣಿಸುತ್ತೇವೆ. ಆದ್ದರಿಂದಲೇ ವೈದ್ಯರ ಬಳಿಗೆ ಹೋಗಲು ಸಂಕೋಚ, ಮದುವೆ ಮುಂಜಿಗೆ ಮುಂಚೆ ಮರೆಮಾಚುವ ಆತುರ. ದುಡ್ಡಿನ ಮಾತು ನಿಜವೇ. ಆದರೆ ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಅಲ್ಲಿ ಕಳೆಯುವ ಒಂದು ಬೆಳಗು ನನ್ನ ಏಳು ತಿಂಗಳಿಗಿಂತ ಅಗ್ಗ.

ಇಸುಬಿನವರ ಚರ್ಮದ ಹೊರಪದರದಲ್ಲಿ ಗಾರೆ ಉದುರಿದ ಗೋಡೆಯಂತೆ ಸಂದುಗಳಿರುತ್ತವೆ. ಒಳಗಿನ ತೇವ ಹೊರಕ್ಕೆ ಹೋಗುತ್ತದೆ. ಹೊರಗಿನ ಧೂಳು, ಬೆವರು, ಸುಗಂಧ ಒಳಕ್ಕೆ ಬಂದು ಕೆರಳಿಸುತ್ತವೆ. ಹಲವರಲ್ಲಿ ಇದಕ್ಕೆ ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆ ಕಾರಣವೆಂದು 2006ರಲ್ಲಿ ಗೊತ್ತಾಯಿತು. ಇದು ಅಂಟುರೋಗವಲ್ಲ, ಕೊಳಕಿನಿಂದ ಬಂದುದೂ ಅಲ್ಲ. ಆದಕಾರಣ ಕಡಲೆಹಿಟ್ಟಿನಿಂದ ತಿಕ್ಕಿ, ನಿಂಬೆರಸ ಹಚ್ಚಿ ‘ಶುದ್ಧ’ಮಾಡಿದಷ್ಟೂ ಗೋಡೆ ಮತ್ತಷ್ಟು ಶಿಥಿಲವಾಗುತ್ತದೆ. ಸಾಮಾನ್ಯ ಸೋಪು ಕ್ಷಾರೀಯ. ಆರೋಗ್ಯವಂತ ಚರ್ಮ ತುಸು ಆಮ್ಲೀಯ. ಸುಗಂಧವಿಲ್ಲದ ಮೃದು ಕ್ಲೆನ್ಸರ್, ಉಗುರುಬೆಚ್ಚಗಿನ ನೀರು, ಒರೆಸದೆ ಒತ್ತಿಕೊಳ್ಳುವ ಟವೆಲು, ಪಸೆ ಆರುವ ಮೊದಲೇ ಸುಗಂಧರಹಿತ ಮಾಯಿಶ್ಚರೈಸರ್: ದಿನಚರಿ ಇಷ್ಟೇ. ಚೆನ್ನೈಯ ಸೆಕೆಯಲ್ಲಿ ಮಾಯಿಶ್ಚರೈಸರ್ ಏಕೆ ಎಂದು ಕೇಳುವವರುಂಟು. ಬೆವರು ಚರ್ಮಕ್ಕೆ ತೇವ ಕೊಡುವುದಿಲ್ಲ, ಉಪ್ಪು ಕೊಡುತ್ತದೆ. ಉಳಿದ ಹೊತ್ತು ನಾವು ಕೂರುವುದು ಏಸಿಯ ಒಣಗಾಳಿಯಲ್ಲಿ.

ಹೊಟ್ಟು ಏಳುವುದೆಲ್ಲ ಇಸುಬೂ ಅಲ್ಲ. ಮೂಗಿನ ಪಕ್ಕದಲ್ಲಿ, ಹುಬ್ಬಿನಲ್ಲಿ ಏಳುವ ಜಿಡ್ಡುಜಿಡ್ಡಾದ ಹಳದಿ ಹೊಟ್ಟಿಗೆ ತಲೆಹೊಟ್ಟಿನ ನಂಟಿರಬಹುದು. ರೆಪ್ಪೆಯ ತುರಿಕೆಗೆ ಕಾಡಿಗೆಯೋ ಕೂದಲಿನ ಬಣ್ಣವೋ ಕಾರಣವಾಗಿರಬಹುದು. ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ಅಡಗಿ ರೋಗ ಮಾತ್ರ ಹಬ್ಬುತ್ತದೆ. ಇವನ್ನು ಬೇರ್ಪಡಿಸಿ ನೋಡುವ ಕಣ್ಣು ಔಷಧದಂಗಡಿಯ ಕೌಂಟರಿನ ಹಿಂದೆ ಇರುವುದಿಲ್ಲ.

ಊರಲ್ಲಿ ಅಜ್ಜಿ ಇದನ್ನು ಇಸುಬು ಎನ್ನುತ್ತಿದ್ದರು. ಇಲ್ಲಿನ ಸಿದ್ಧವೈದ್ಯರು ಕರಪ್ಪಾನ್ ಎನ್ನುತ್ತಾರೆ. ಎರಡು ಭಾಷೆಗಳ ನಡುವೆ ಬದುಕುವ ನಾವು ಎರಡನ್ನೂ ಬಿಟ್ಟು ‘ಡ್ರೈ ಸ್ಕಿನ್’ ಎನ್ನುತ್ತೇವೆ. ಒಣಚರ್ಮಕ್ಕೆ ಕ್ರೀಮು ಸಾಕು. ಇಸುಬಿಗೆ ವೈದ್ಯರು ಬೇಕು. ಹೆಸರನ್ನು ಹಗುರ ಮಾಡಿದಾಗ ಆರೈಕೆಯೂ ಹಗುರವಾಯಿತೆಂದು ನನ್ನ ಅನಿಸಿಕೆ.

ನನ್ನ ಮುಖ ತಹಬಂದಿಗೆ ಬರಲು ಒಂದು ವರ್ಷ ಹಿಡಿಯಿತು. ಕೆನ್ನೆಯ ಎಳೆಗಳು ಪೂರ್ತಿ ಹೋಗಿಲ್ಲ. “ಅಕ್ಕಾ, ನೀವು ಯಾವ ಕ್ರೀಮು ಹಚ್ಚಿದಿರಿ?” ಎಂದು ನಮ್ಮ ಕೂಟದ ಹುಡುಗಿಯರು ಈಗಲೂ ಕೇಳುತ್ತಾರೆ. ಕ್ರೀಮಿನ ಹೆಸರು ಹೇಳುವುದಿಲ್ಲ. ನಿನ್ನ ಬಳಿ ಇರುವ ಟ್ಯೂಬನ್ನು ತಾ, ಅದರ ಮೇಲೆ ಕೆಂಪು ಗೆರೆ ಇದೆಯೇ ನೋಡೋಣ, ಎನ್ನುತ್ತೇನೆ.