ಕಡತ ತೆರೆದ ಕೈ

ಲೋಕದ ವ್ಯವಹಾರವೆಲ್ಲ ನಂಬಿಕೆಯ ಮೇಲೆ ನಿಂತಿದೆ. ಆದರೆ ನಂಬಿಕೆಗೂ ಒಂದು ಆಧಾರ ಬೇಕು. ಅಂಗಡಿಯವನು ಲೆಕ್ಕದ ಪುಸ್ತಕವನ್ನು ಇಟ್ಟುಕೊಳ್ಳುವುದು ಗಿರಾಕಿಯ ಮೇಲಿನ ಅಪನಂಬಿಕೆಯಿಂದಲ್ಲ. ಮರೆವಿಗೆ ಯಾರೂ ಹೊರತಲ್ಲವೆಂಬ ತಿಳಿವಳಿಕೆಯಿಂದ. ಕಚೇರಿಯಲ್ಲಿ ಒಂದು ಕಡತವು ಮೇಜಿನಿಂದ ಮೇಜಿಗೆ ಹೋಗುವಾಗ, ಅದು ಯಾರಿಂದ ಹೊರಟಿತು, ಯಾರನ್ನು ಸೇರಿತು, ಎಂದು ಸೇರಿತು ಎಂಬುದನ್ನು ವಹಿಯಲ್ಲಿ ಬರೆದು ರುಜು ಪಡೆಯುವ ಪದ್ಧತಿ ಹಳೆಯದು. ಕಡತವು ಕಾಣೆಯಾದರೆ ಕಡೆಯ ರುಜು ಯಾರದೋ ಅವರು ಉತ್ತರ ಹೇಳಬೇಕು. ಈ ಸರಳವಾದ ನಿಯಮದಲ್ಲಿ ಆಡಳಿತದ ಒಂದು ದೊಡ್ಡ ತತ್ತ್ವವೇ ಅಡಗಿದೆ. ಇಂದು ಕಾಗದದ ಕಡತದ ಸ್ಥಾನಕ್ಕೆ ಕಂಪ್ಯೂಟರಿನ ಕಡತವು ಬಂದಿದೆ. ಅದನ್ನು ತೆರೆದವರು ಯಾರು, ತೆರೆದುದು ಯಾವಾಗ ಎಂಬ ಪ್ರಶ್ನೆ ಮಾತ್ರ ಹಳೆಯದೇ ಆಗಿ ಉಳಿದಿದೆ.

ಈ ಪ್ರಶ್ನೆಯು ಪಟ್ಟಣದ ದೊಡ್ಡ ಕಚೇರಿಗಳಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಬಾರದು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು, ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಿಂದ ನಾಡಿಗೆಲ್ಲ ಪರಿಚಿತವಾದ ಊರು. ಅಂತಹ ಊರಿನ ಒಬ್ಬ ಬೇಸಾಯಗಾರನ ಬದುಕನ್ನು ನೆನೆದು ನೋಡಬೇಕು. ಬೆಳೆಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಅಲ್ಲಿ ಮೊದಲು ಕೇಳುವುದು ಪಹಣಿಯನ್ನು. ಅಣ್ಣತಮ್ಮಂದಿರು ಪಾಲಾಗುವಾಗ ಪಹಣಿ ಬೇಕು. ಜಮೀನನ್ನು ಕೊಳ್ಳುವಾಗ, ಮಾರುವಾಗ ಪಹಣಿ ಬೇಕು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋದರೆ ಅಲ್ಲಿಯೂ ಪಹಣಿ ಬೇಕು. ಸರ್ವೆ ನಂಬರು, ವಿಸ್ತೀರ್ಣ, ಮಾಲೀಕನ ಹೆಸರು, ಬೆಳೆ, ಸಾಲ ಇಷ್ಟನ್ನೂ ಒಳಗೊಂಡ ಆ ಒಂದು ಹಾಳೆಯಲ್ಲಿ ಒಂದು ಸಂಸಾರದ ಅನ್ನವೇ ಇದೆ. ಅದರ ಒಂದು ಸಾಲು ಮಾಲೀಕನಿಗೆ ತಿಳಿಯದಂತೆ ಬದಲಾದರೆ, ಅದನ್ನು ಸರಿಪಡಿಸಲು ಅವನು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಕಂಪ್ಯೂಟರು ಬರುವ ಮುನ್ನ ಕರ್ನಾಟಕದಲ್ಲಿ ಈ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದುವು. ಅವರಲ್ಲಿ ಪ್ರಾಮಾಣಿಕರು ಅನೇಕರಿದ್ದರು. ಆದರೆ ಆ ಪುಸ್ತಕವನ್ನು ನಿನ್ನೆ ಯಾರು ಬಿಚ್ಚಿದರು, ಯಾವ ಅಂಕಿಯ ಮೇಲೆ ಯಾರ ಮಸಿ ಬಿತ್ತು ಎಂಬುದನ್ನು ಪುಸ್ತಕವು ತಾನಾಗಿ ಹೇಳಲಾರದು. ಆದುದರಿಂದ ತಪ್ಪು ಮಾಡಿದವನು ಸುಲಭವಾಗಿ ತಪ್ಪಿಸಿಕೊಳ್ಳುತ್ತಿದ್ದನು. ತಪ್ಪು ಮಾಡದವನು ಸಂಶಯಕ್ಕೆ ಗುರಿಯಾಗುತ್ತಿದ್ದನು.

ಈ ಕೊರತೆಯನ್ನು ನೀಗಲು ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಇದಕ್ಕೆ ತಂತ್ರಾಂಶವನ್ನು ಸಿದ್ಧಪಡಿಸಿತು. 2002ರ ವೇಳೆಗೆ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದುವು. 177 ತಾಲ್ಲೂಕು ಕೇಂದ್ರಗಳಲ್ಲಿ, ಅಂದು ನಿಗದಿಯಾಗಿದ್ದ 15 ರೂಪಾಯಿ ಶುಲ್ಕಕ್ಕೆ, ರೈತನಿಗೆ ಪಹಣಿಯ ಪ್ರತಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಈ ಯೋಜನೆಯ ಹೆಸರು ಬಂದಾಗಲೆಲ್ಲ ಜನರು ಕೊಂಡಾಡುವುದು ಅದರ ವೇಗವನ್ನು. ಆದರೆ ವೇಗಕ್ಕಿಂತ ಮಿಗಿಲಾದ ಗುಣವೊಂದು ಅದರಲ್ಲಿತ್ತು. ದಾಖಲೆಯನ್ನು ತಿದ್ದುವ ಅಧಿಕಾರವುಳ್ಳ ನೌಕರನು ತನ್ನ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕು. ಅವನು ಮಾಡಿದ ಕೆಲಸವು ಅವನ ಹೆಸರಿನಲ್ಲಿಯೇ ದಾಖಲಾಗಬೇಕು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಮುಂದಕ್ಕೆ ಹೋಗಬೇಕು. ಮಾತಿಲ್ಲದ ಪುಸ್ತಕಕ್ಕೆ ಹೀಗೆ ಮಾತು ಬಂದಿತು.

ಕಂಪ್ಯೂಟರಿಗೆ ಈ ನೆನಪು ಎಲ್ಲಿಂದ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು. ಶಾಲೆಯಲ್ಲಿಯೋ ಮನೆಯಲ್ಲಿಯೋ ಇರುವ ಸಾಧಾರಣ ಕಂಪ್ಯೂಟರು ಕೂಡ ತನ್ನಲ್ಲಿ ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಕೆಲಸಗಾರನು ನಿನ್ನೆ ಬಿಟ್ಟ ಕೆಲಸವನ್ನು ಇಂದು ಬೇಗ ಹುಡುಕಿಕೊಳ್ಳಲೆಂದು ಈ ಅನುಕೂಲವನ್ನು ಕಲ್ಪಿಸಲಾಯಿತು. 1995ರಲ್ಲಿ ಬಂದ ‘ವಿಂಡೋಸ್ 95’ರಲ್ಲಿಯೇ ಇಂತಹ ಪಟ್ಟಿಯಿತ್ತು. ಈಗಿನ ವಿಂಡೋಸಿನಲ್ಲಿ, ಕೀಲಿಮಣೆಯ ಮೇಲಿರುವ ವಿಂಡೋಸ್ ಗುರುತಿನ ಕೀಲಿಯನ್ನೂ ‘ಆರ್’ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಒಂದು ಚಿಕ್ಕ ಚೌಕ ಕಾಣಿಸುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಿಂದ ‘ರೀಸೆಂಟ್’ ಎಂದು ಬರೆದು ‘ಎಂಟರ್’ ಕೀಲಿಯನ್ನು ಒತ್ತಿದರೆ, ಈಚೆಗೆ ತೆರೆದ ಕಡತಗಳ ಹೆಸರುಗಳು ದಿನಾಂಕ ವೇಳೆಗಳೊಡನೆ ತೋರುತ್ತವೆ. ಆಪಲ್ ಸಂಸ್ಥೆಯ ಕಂಪ್ಯೂಟರಿನಲ್ಲಿ, ತೆರೆಯ ಎಡಮೂಲೆಯ ಸೇಬಿನ ಗುರುತನ್ನು ಒತ್ತಿದಾಗ ‘ರೀಸೆಂಟ್ ಐಟಮ್ಸ್’ ಎಂಬ ಹೆಸರಿನಲ್ಲಿ ಇದೇ ಬಗೆಯ ಪಟ್ಟಿ ದೊರೆಯುತ್ತದೆ. ಇವೆಲ್ಲ ಕಡತಗಳಲ್ಲ, ಕಡತಗಳಿಗೆ ದಾರಿ ತೋರುವ ಕೈಮರಗಳು ಮಾತ್ರ. ಕೈಮರವನ್ನು ಕಿತ್ತರೆ ಊರು ಅಳಿಯುವುದಿಲ್ಲ. ಊರು ಅಳಿದ ಮೇಲೂ ಕೆಲವೊಮ್ಮೆ ಕೈಮರವು ನಿಂತಿರುತ್ತದೆ.

ಈ ಪಟ್ಟಿಯನ್ನು ಕಂಡೊಡನೆ ಸತ್ಯವೆಲ್ಲ ಕೈಗೆ ಸಿಕ್ಕಿತೆಂದು ಹಿಗ್ಗುವವರು ಮೋಸಹೋಗುತ್ತಾರೆ. ಪಟ್ಟಿಯನ್ನು ಯಾರು ಬೇಕಾದರೂ ಅಳಿಸಬಹುದು; ಪಟ್ಟಿಯೇ ಬೇಡವೆಂದು ಮೊದಲೇ ನಿಲ್ಲಿಸಿರಲೂಬಹುದು. ಪ್ರತಿಯೊಂದು ಕಡತಕ್ಕೂ ಅದು ಹುಟ್ಟಿದ ವೇಳೆ, ತಿದ್ದುಪಡಿಯಾದ ವೇಳೆ, ಕಡೆಯ ಬಾರಿ ಓದಲ್ಪಟ್ಟ ವೇಳೆ ಎಂಬ ಮೂರು ಗುರುತುಗಳಿರುವುದುಂಟು. ಇವುಗಳಲ್ಲಿ ಮೂರನೆಯದನ್ನು ನಂಬುವಂತಿಲ್ಲ. ಪ್ರತಿಯೊಂದು ಓದನ್ನೂ ಬರೆದಿಡುತ್ತಿದ್ದರೆ ಯಂತ್ರದ ಕೆಲಸ ನಿಧಾನವಾಗುವುದೆಂದು, 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಆ ಬರಹವನ್ನೇ ನಿಲ್ಲಿಸಿದ್ದರು. ಆ ಗುರುತು ಬರೆಯಲ್ಪಡುತ್ತಿರುವಲ್ಲಿಯೂ, ವೈರಸ್ಸನ್ನು ಹುಡುಕುವ ತಂತ್ರಾಂಶವು ಕಡತವನ್ನು ಮುಟ್ಟಿದರೆ ಮನುಷ್ಯನೇ ಮುಟ್ಟಿದಂತೆ ವೇಳೆಯು ಬದಲಾಗಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕಂಪ್ಯೂಟರು ಕೈಯನ್ನು ಕಾಣುವುದಿಲ್ಲ. ಕೀಲಿಯನ್ನು ಮಾತ್ರ ಕಾಣುತ್ತದೆ. ಯಾರ ಗುಪ್ತಪದದಿಂದ ಬಾಗಿಲು ತೆರೆಯಿತೋ ಅವರೇ ಒಳಗೆ ಬಂದರೆಂದು ಅದು ಬರೆದುಕೊಳ್ಳುತ್ತದೆ. ಹೀಗಿರುವಾಗ, ಒಂದೇ ಗುಪ್ತಪದವನ್ನು ಐವರು ಹಂಚಿಕೊಂಡ ಕಚೇರಿಯಲ್ಲಿ ಪಟ್ಟಿಯಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಲಸದ ಒತ್ತಡದಲ್ಲಿ ‘ನನ್ನ ಗುಪ್ತಪದ ಇದು, ಸ್ವಲ್ಪ ನೋಡಿಕೊಳ್ಳಿ’ ಎಂದು ಪಕ್ಕದವರಿಗೆ ಹೇಳಿಹೋಗುವುದು ಸ್ನೇಹವೆಂದು ತೋರಬಹುದು. ನಾಳೆ ಪಕ್ಕದವರ ತಪ್ಪಿಗೆ ತಾನು ತಲೆಕೊಡಬೇಕಾದಾಗ ಆ ಸ್ನೇಹದ ಬೆಲೆ ತಿಳಿಯುತ್ತದೆ. ಯಂತ್ರದ ಲೆಕ್ಕದಲ್ಲಿ ಗುಪ್ತಪದವೆಂದರೆ ರುಜುವಿಗೆ ಸಮಾನ. ಬರಿಯ ಹಾಳೆಗೆ ರುಜು ಮಾಡಿ ಮತ್ತೊಬ್ಬರ ಕೈಗೆ ಕೊಡುವ ವಿವೇಕಿ ಯಾರಿದ್ದಾನೆ? ‘ಭೂಮಿ’ ಯೋಜನೆಯವರು ಗುಪ್ತಪದವನ್ನಷ್ಟೇ ನೆಚ್ಚದೆ ಬೆರಳಚ್ಚನ್ನು ಕೇಳಿದುದರ ಮರ್ಮ ಇದೇ. ಬೆರಳನ್ನು ಎರವಲು ಕೊಡಲಾಗದು.

ಗಂಭೀರವಾದ ದಾಖಲೆಗಳ ರಕ್ಷಣೆಗೆ ಮನೆಬಳಕೆಯ ಪಟ್ಟಿ ಸಾಲದು. ಯಾವ ಕಡತವನ್ನು ಯಾವ ಖಾತೆಯಿಂದ ಯಾವ ಗಳಿಗೆಯಲ್ಲಿ ತೆರೆದರು, ಏನನ್ನು ತಿದ್ದಿದರು ಎಂಬುದನ್ನು ಪ್ರತ್ಯೇಕವಾಗಿ ಬರೆದಿಡುವ ಏರ್ಪಾಡು ಬೇರೆಯೇ ಇದೆ. ಆದರೆ ಸಾಧಾರಣ ಕಂಪ್ಯೂಟರಿನಲ್ಲಿ ಅದು ತಾನಾಗಿ ನಡೆಯುವುದಿಲ್ಲ. ಮುಂಚಿತವಾಗಿ ಅಪ್ಪಣೆ ಕೊಟ್ಟಿರಬೇಕು. ದಾಖಲೆ ಕೆಟ್ಟ ಮೇಲೆ ಹುಡುಕಹೊರಟರೆ ಬರೆಯದ ಲೆಕ್ಕವು ಸಿಕ್ಕುವುದಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಅಲ್ಲದೆ, ಹಾಗೆ ಬರೆದ ಲೆಕ್ಕವು ದಾಖಲೆಯನ್ನು ತಿದ್ದುವವರ ವಶದಲ್ಲಿಯೇ ಇರಬಾರದು. ಬೇಲಿಯೇ ಎದ್ದು ಹೊಲ ಮೇಯುವಂತಾದರೆ ಕಾವಲಿನ ಅರ್ಥವೇ ಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ನೌಕರನು ತೆರೆದ ಪ್ರತಿಯೊಂದು ಕಡತವನ್ನೂ ಗುರುತುಹಾಕುವುದು ಅವನನ್ನು ಕಳ್ಳನಂತೆ ಕಂಡ ಹಾಗಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ; ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಗುಟ್ಟಾಗಿ ಇಟ್ಟ ಕಾವಲು ಮನುಷ್ಯನ ಮಾನಕ್ಕೆ ಕುಂದು. ಇಂತಹ ಲೆಕ್ಕವನ್ನು ಇಡಲಾಗುತ್ತಿದೆಯೆಂದು, ಇದನ್ನು ಇಂತಹವರು ಮಾತ್ರ ನೋಡುವರೆಂದು ಎಲ್ಲರಿಗೂ ಮೊದಲೇ ತಿಳಿಸಬೇಕು. ಮೇಲಧಿಕಾರಿಯ ಹೆಸರೂ ಆ ಲೆಕ್ಕದಲ್ಲಿ ಬರಬೇಕು. ಎಲ್ಲರಿಗೂ ಒಂದೇ ಆದ ನಿಯಮವು ಯಾರಿಗೂ ಅವಮಾನವಲ್ಲ. ಪ್ರಾಮಾಣಿಕನಾದ ಗುಮಾಸ್ತನಿಗಂತೂ ಅದು ಕವಚವಿದ್ದಂತೆ. ‘ಈ ಕಡತವನ್ನು ನಾನು ಮುಟ್ಟಲಿಲ್ಲ’ ಎಂದು ಅವನು ಬಾಯಿಂದ ಹೇಳಿದರೆ ನಂಬದ ಲೋಕವು ಲೆಕ್ಕವನ್ನು ನೋಡಿ ನಂಬುತ್ತದೆ.

ಸಾರ್ವಜನಿಕ ದಾಖಲೆಗೆ ಸಲ್ಲುವ ಈ ನ್ಯಾಯವನ್ನು ಖಾಸಗಿ ಬದುಕಿಗೆ ಎಳೆದು ತರಬಾರದು. ಮನೆಯ ಕಂಪ್ಯೂಟರಿನಲ್ಲಿ ಅಕ್ಕನು ಏನನ್ನು ಓದಿದಳು, ಗೆಳೆಯನು ಯಾವ ಪತ್ರವನ್ನು ತೆರೆದನು ಎಂದು ಅವರಿಗೆ ತಿಳಿಯದಂತೆ ಪಟ್ಟಿಯನ್ನು ಕೆದಕುವುದು ಕಿಟಕಿಯಲ್ಲಿ ಇಣುಕಿದಂತೆಯೇ ಸರಿ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಪೇಟೆಯ ಸೈಬರ್ ಕೇಂದ್ರದಲ್ಲಿ ಅರ್ಜಿಯನ್ನು ತುಂಬಿದ ವಿದ್ಯಾರ್ಥಿಯು, ಏಳುವ ಮುನ್ನ ತನ್ನ ಅಂಕಪಟ್ಟಿಯ ಪ್ರತಿಯನ್ನೂ ಇತ್ತೀಚಿನ ಕಡತಗಳ ಪಟ್ಟಿಯಲ್ಲಿರುವ ಅದರ ಹೆಸರನ್ನೂ ಅಳಿಸಿ ಹೋಗುವುದು ಕಳ್ಳತನವಲ್ಲ, ಎಚ್ಚರ. ಅದೇ ಕೆಲಸವನ್ನು ಸಾರ್ವಜನಿಕ ದಾಖಲೆಯನ್ನು ತಿದ್ದಿದ ನೌಕರನು ಮಾಡಿದರೆ ಅದು ಅಪರಾಧ. ಒಂದೇ ಕ್ರಿಯೆಯು ಒಂದೆಡೆ ಹಕ್ಕೂ ಮತ್ತೊಂದೆಡೆ ತಪ್ಪೂ ಆಗುವುದು ಹೇಗೆಂದರೆ, ಮೊದಲನೆಯ ಕಡತವು ಅವನದು, ಎರಡನೆಯದು ಜನರದು. ಈ ಭೇದವನ್ನು ಅರಿಯುವುದೇ ನಾಗರಿಕ ಶಿಕ್ಷಣದ ಸಾರ.

ಜನರ ಕೆಲಸದ ಮೇಲೆ ಮಾಡಿದವರ ಗುರುತು ಇರಬೇಕೆಂಬ ಭಾವನೆ ಈ ನಾಡಿಗೆ ಹೊಸದಲ್ಲ. ಬೇಲೂರಿನ ವಿಗ್ರಹಗಳ ಕೆಳಗೆ ದಾಸೋಜ, ಚಾವಣರ ಹೆಸರುಗಳಿವೆ. ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರಿದೆ. ಅವರ ಹೆಸರನ್ನು ಯಾವ ಯಂತ್ರವೂ ಬರೆದುಕೊಳ್ಳಲಿಲ್ಲ. ಅವರೇ ಕಲ್ಲಿನಲ್ಲಿ ಬಿಡಿಸಿ ಹೋದರು. ತನ್ನ ಕೆಲಸಕ್ಕೆ ತಾನು ಹೊಣೆಯೆಂದು ಧೈರ್ಯವಾಗಿ ಹೇಳಬಲ್ಲವನಿಗೆ ತನ್ನ ಗುರುತು ಉಳಿಯುವುದೆಂಬ ಭಯವಿಲ್ಲ.

ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಕಟ್ಟಿಟ್ಟ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ‘ಭೂ ಸುರಕ್ಷಾ’ ಯೋಜನೆ ಕರ್ನಾಟಕದಲ್ಲಿ 2024ರಲ್ಲಿ ಆರಂಭವಾಯಿತು. ಗೆದ್ದಲಿನಿಂದ, ತೇವದಿಂದ ಕಾಗದಗಳು ಪಾರಾಗುವುದು ಸಂತೋಷದ ವಿಷಯ. ಆದರೆ ಗೆದ್ದಲಿಗಿಂತ ಅಪಾಯಕಾರಿಯಾದುದು ಗುರುತಿಲ್ಲದ ಕೈ. ಪ್ರತಿಯೊಬ್ಬ ನೌಕರನಿಗೂ ಅವನದೇ ಆದ ಕೀಲಿ, ಪ್ರತಿಯೊಂದು ತೆರೆಯುವಿಕೆಗೂ ಒಂದು ಲೆಕ್ಕ, ಆ ಲೆಕ್ಕಕ್ಕೆ ಬೇರೆಯೇ ಒಬ್ಬ ಕಾವಲುಗಾರ: ಈ ಮೂರೂ ಕೂಡಿದಾಗ ಮಾತ್ರ ದಾಖಲೆಯು ಸುರಕ್ಷಿತ. ‘ಕುಂಬಳಕಾಯಿ ಕಳ್ಳ’ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಈ ವ್ಯವಸ್ಥೆ ಹಿಡಿಸದಿರಬಹುದು. ಹೊಲದ ಬದುವಿನ ಮೇಲೆ ನಿಂತು, ತನ್ನ ಹೆಸರು ಪಹಣಿಯಲ್ಲಿ ಮೊನ್ನೆ ಇದ್ದಂತೆಯೇ ಇಂದೂ ಇದೆಯೆಂದು ನಿಶ್ಚಿಂತನಾಗಿರಬೇಕಾದ ರೈತನಿಗೆ ಇದಕ್ಕಿಂತ ಕಡಮೆಯಾದುದು ಸಾಲದು.